ಜೌಗುನೆಲದ ಹೆಗ್ಗಣ ಮತ್ತು ಬಹುಮಾನದ ಲೆಕ್ಕ

ಕೊಚ್ಚಿಯಿಂದ ತಿರುವನಂತಪುರಕ್ಕೆ ಆಲಪ್ಪುಳದ ಮಾರ್ಗವಾಗಿ ಪಯಣಿಸುವವರಿಗೆ ಪೂರ್ವಭಾಗದಲ್ಲಿ ಕುಟ್ಟನಾಡು ಹರಡಿಕೊಂಡಿರುತ್ತದೆ. ವೇಂಬನಾಡು ಕಾಯಲಿನ ಅಂಚಿನ ಈ ಗದ್ದೆಗಳಲ್ಲಿ ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದ್ದು, ಕೆಲವೆಡೆ ಆ ತಗ್ಗು 2 ಮೀಟರನ್ನೂ ಮೀರುತ್ತದೆ. ಹೊರಗಿನ ನೀರನ್ನು ತಡೆದು ನಿಲ್ಲಿಸಿರುವುದು ಕೆಸರುಮಣ್ಣಿನ ಒಡ್ಡು. ಅದು ಒಂದೆಡೆ ಕುಸಿದರೆ ‘ಪಾಡಶೇಖರ’ವೆನಿಸುವ ಇಡೀ ಗದ್ದೆಬಯಲೇ ಮುಳುಗುತ್ತದೆ. ಈ ಅನಾಹುತಕ್ಕೆ ಮಲೆಯಾಳದಲ್ಲಿ ‘ಮಡವೀಳ್ಚ’ ಎಂಬ ಪ್ರತ್ಯೇಕ ಹೆಸರೇ ಉಂಟು.

ಈ ಒಡ್ಡನ್ನು ಕೊರೆಯುವ ಜೀವಿಗಳಲ್ಲಿ ಹೆಗ್ಗಣವೂ ಒಂದು. ಬಿಲದೊಳಗೆ ತೆನೆಗಳನ್ನು ಕೂಡಿಡುವ ಇದರ ಗರ್ಭಕಾಲ ಸುಮಾರು ಮೂರೇ ವಾರ. ಆದುದರಿಂದ ಹತ್ತು ಕೊಂದಲ್ಲಿ ಇಪ್ಪತ್ತು ಹುಟ್ಟಲು ಬಹಳ ದಿನ ಬೇಕಾಗುವುದಿಲ್ಲ. ಇಲಿ ಹೆಗ್ಗಣಗಳ ಮೂತ್ರದಿಂದ ಹರಡುವ ‘ಎಲಿಪ್ಪನಿ’ ಕೆಸರಿನಲ್ಲಿ ದುಡಿಯುವವರ ಗಾಯಗಳ ಮೂಲಕ ದೇಹವನ್ನು ಸೇರುತ್ತದೆ. 2018ರ ಮಹಾಪೂರದ ತರುವಾಯ ಕೇರಳವು ಈ ಜ್ವರದ ಉಪಟಳವನ್ನು ಚೆನ್ನಾಗಿ ಅನುಭವಿಸಿತು.

ಜೌಗುನೆಲದಿಂದ ಇಂಥದೇ ಮೂಷಕವರ್ಗದ ಪ್ರಾಣಿಯೊಂದನ್ನು ನಿರ್ಮೂಲ ಮಾಡಿದ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನದು. ತುಪ್ಪುಳಿಗಾಗಿ 1929ರಲ್ಲಿ ಅಲ್ಲಿಗೆ ತರಲಾದ ದಕ್ಷಿಣ ಅಮೆರಿಕದ ಕಾಯ್ಪು ಸಾಕಣೆಯ ಬೇಲಿಯಿಂದ ತಪ್ಪಿಸಿಕೊಂಡು, ಪೂರ್ವ ಆಂಗ್ಲಿಯದ ಜೊಂಡುಗಳನ್ನು ತಿಂದು ಕಾಲುವೆಯ ದಡಗಳನ್ನು ತೋಡತೊಡಗಿತು. 1981ರಲ್ಲಿ 24 ಮಂದಿ ಬೋನುಗಾರರನ್ನು ನೇಮಿಸಲಾಯಿತು. ಇಲ್ಲೊಂದು ತೊಡಕು ಇದ್ದಿತು: ಕೊನೆಯ ಕಾಯ್ಪು ಸತ್ತ ದಿನ ಅವರ ಉದ್ಯೋಗವೂ ಮುಗಿಯುವುದು! ಅದಕ್ಕಾಗಿ, ಹತ್ತು ವರ್ಷಗಳೊಳಗೆ ಪ್ರಾಣಿಯ ನಿರ್ಮೂಲವಾದರೆ ಮೂರು ವರ್ಷದ ಸಂಬಳದಷ್ಟರವರೆಗೆ ಬಹುಮಾನ, ತಡವಾದಂತೆ ಅದರಲ್ಲಿ ಕಡಿತ ಎಂಬ ಏರ್ಪಾಡಾಯಿತು. 1989ರಲ್ಲಿ ಕಾರ್ಯ ಸಫಲವಾಯಿತೆಂದು ಘೋಷಿಸಲಾಯಿತು.

ಇದಕ್ಕೆ ವಿಪರೀತವಾದ ಕಥೆ ಹನೋಯಿಯದು. 1902ರಲ್ಲಿ ಫ್ರೆಂಚ್ ಆಡಳಿತವು ಇಲಿಯ ಬಾಲವೊಂದಕ್ಕೆ ಇಷ್ಟೆಂದು ಹಣ ಕೊಡಲಾರಂಭಿಸಿದಾಗ ಜನ ಬಾಲವನ್ನಷ್ಟೇ ಕತ್ತರಿಸಿ ಇಲಿಯನ್ನು ಬಿಟ್ಟುಬಿಟ್ಟರು. ಕೆಲವರು ಇಲಿ ಸಾಕಣೆಗೂ ಕೈಹಾಕಿದರು. ಲೆಕ್ಕಪುಸ್ತಕದಲ್ಲಿ ಬಾಲಗಳು ಬೆಳೆದವು, ಊರಿನಲ್ಲಿ ಇಲಿಗಳು ಉಳಿದವು.

ಆದರೆ ಇಂಗ್ಲೆಂಡಿನ ಕ್ರಮವನ್ನು ಕುಟ್ಟನಾಡಿಗೆ ಹಾಗೆಯೇ ತರುವಂತಿಲ್ಲ. ಕಾಯ್ಪು ಪರದೇಶದಿಂದ ಬಂದುದು, ಒಂದು ಮೂಲೆಯಲ್ಲಿ ನೆಲಸಿದ್ದುದು, ಅದಕ್ಕೆ ಅಂತ್ಯವುಂಟು. ಹೆಗ್ಗಣ ಈ ನೆಲದ್ದೇ. ಒಂದು ಬಯಲನ್ನು ಬರಿದುಮಾಡಿದರೆ ನೆರೆಯ ಬಯಲಿನಿಂದ ಬಂದು ಸೇರುತ್ತದೆ. ಆದ್ದರಿಂದ ಸಂಭಾವನೆಯನ್ನು ಬಾಲಕ್ಕೂ ನಿರ್ಮೂಲಕ್ಕೂ ಕಟ್ಟದೆ, ಕೊಯ್ಲಿನವರೆಗೆ ಭದ್ರವಾಗಿ ನಿಂತ ಒಡ್ಡಿಗೆ ಕಟ್ಟುವುದು ಯುಕ್ತ. ಅದನ್ನು ಭರಿಸಬೇಕಾದವರು ಪಾಡಶೇಖರದ ಸಮಸ್ತ ರೈತರು. ಒಬ್ಬನು ಉದಾಸೀನನಾದರೆ ಉಳಿದವರ ಖರ್ಚು ನೀರಿಗೆ ಹಾಕಿದಂತೆ.

ಕಾಲವೂ ಮುಖ್ಯ. ಮಳೆಗಾಲದಲ್ಲಿ ಗದ್ದೆ ಮುಳುಗಿರುವಾಗ ಹೆಗ್ಗಣಗಳಿಗೆ ದೊರೆಯುವ ಒಣನೆಲ ಬಹುಮಟ್ಟಿಗೆ ಒಡ್ಡೊಂದೇ. ಚದುರಿದ ಶತ್ರು ಆಗ ಒಂದೆಡೆ ಕೂಡಿರುತ್ತದೆ. ಬಿತ್ತನೆಯಾಗಿ ಪೈರು ಬೆಳೆದ ಮೇಲೆ ಎಚ್ಚರಗೊಳ್ಳುವುದು ದುಬಾರಿಯ ವ್ಯವಹಾರ. ಜಿಂಕ್ ಫಾಸ್ಫೈಡ್ ವಿಷವನ್ನು ಒಮ್ಮೆ ತಿಂದು ಬದುಕಿದ ಪ್ರಾಣಿ ಮತ್ತೆ ಅದನ್ನು ಮೂಸದು. ಬಾತುಕೋಳಿಗಳು ಮೇಯುವ ಕುಟ್ಟನಾಡಿನಲ್ಲಾಗಲಿ, ಬತ್ತದ ಬಳಿಕ ಸೀಗಡಿ ಬೆಳೆಯುವ ಕೊಚ್ಚಿಯ ಪೊಕ್ಕಾಳಿ ಗದ್ದೆಗಳಲ್ಲಾಗಲಿ ವಿಷವನ್ನು ಎರಚಾಡುವುದೂ ಉಚಿತವಲ್ಲ. ಅಲ್ಲಿಗೆ ಹಳೆಯ ಸಾಧನವೇ ಲೇಸು: ಬಾಗಿಸಿದ ಕಡ್ಡಿಯ ಸೆಳೆತದಿಂದ ಹಿಡಿಯುವ ‘ಎಲಿವಿಲ್ಲು’. ಎಲಿ ನಮ್ಮ ಇಲಿ, ವಿಲ್ಲು ನಮ್ಮ ಬಿಲ್ಲು. ಕನ್ನಡಿಗನಿಗೆ ಅದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.