ಸಟ್ಲೆಜ್ ಕಣಿವೆಯ ನೋಯದ ಹುಣ್ಣು

ಲೀಶ್ಮೇನಿಯಾ ಎಂಬ ಪರೋಪಜೀವಿ ನಮ್ಮ ದೇಶದಲ್ಲಿ ಎಲ್ಲಿ, ಯಾವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ವೈದ್ಯಕೀಯ ಪಠ್ಯಗಳಲ್ಲಿ ಬಹುಕಾಲ ಒಂದು ಸರಳ ಲೆಕ್ಕವಿತ್ತು. ಬಿಹಾರ, ಬಂಗಾಳಗಳ ತೇವದ ಬಯಲಿನಲ್ಲಿ ಇರುವುದು ಲೀಶ್ಮೇನಿಯಾ ಡೊನೊವಾನಿ. ಅದು ಗುಲ್ಮ, ಯಕೃತ್ತು, ಮೂಳೆಮಜ್ಜೆಗಳಿಗೆ ಇಳಿದು ಕಾಲಾ ಅಜಾರ್ ತರುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವ ತೆಗೆಯುತ್ತದೆ. ರಾಜಸ್ಥಾನದ ಬಿಕಾನೇರಿನಂಥ ಒಣನೆಲದಲ್ಲಿ ಇರುವುದು ಲೀಶ್ಮೇನಿಯಾ ಟ್ರಾಪಿಕಾ. ಅದು ಚರ್ಮದಲ್ಲೇ ನಿಂತು ಹುಣ್ಣಾಗುತ್ತದೆ. ಒಂದು ಜೀವಿ, ಒಂದು ಹವೆ, ಒಂದು ರೋಗ. ಹಿಮಾಚಲ ಪ್ರದೇಶದ ಸಟ್ಲೆಜ್ ಕಣಿವೆ ಈ ಲೆಕ್ಕವನ್ನು ತಪ್ಪಿಸಿತು. ಅಲ್ಲಿನ ರೋಗಿಗಳ ಸಂಖ್ಯೆ ಚಿಕ್ಕದೆಂದು ಬದಿಗಿಡುವುದು ತಪ್ಪು ಎಂಬುದು ನನ್ನ ವಾದ. ಈ ರೋಗ ಎಷ್ಟು ಮಂದಿಯಲ್ಲಿದೆ ಎಂಬ ಎಣಿಕೆಯೇ ಅದನ್ನು ಗುರುತಿಸುವ ಕಣ್ಣನ್ನು ಅವಲಂಬಿಸಿದೆ.

2001ರ ಮೇ ತಿಂಗಳಿಂದ 2003ರ ಡಿಸೆಂಬರ್‌ವರೆಗೆ ಚರ್ಮತಜ್ಞರ ತಂಡವೊಂದು ಈ ಕಣಿವೆಯ ಕಿನ್ನೌರ್, ಶಿಮ್ಲಾ, ಕುಲ್ಲು ಜಿಲ್ಲೆಗಳ 161 ಹೊಸ ರೋಗಿಗಳನ್ನು ಪರೀಕ್ಷಿಸಿ, 2005ರಲ್ಲಿ ವರದಿ ಪ್ರಕಟಿಸಿತು. ಹತ್ತು ತಿಂಗಳ ಕೂಸಿನಿಂದ 75 ವರ್ಷದ ಮುದುಕರವರೆಗೆ ಎಲ್ಲ ವಯಸ್ಸಿನವರೂ ಅದರಲ್ಲಿದ್ದರು; ಗಂಡಸರು, ಹೆಂಗಸರು ಹೆಚ್ಚುಕಡಿಮೆ ಸಮಸಮ. ಹತ್ತು ಮಂದಿಯ ಚರ್ಮದ ತುಣುಕಿನಲ್ಲಿ ಪರೋಪಜೀವಿಯ ಡಿಎನ್ಎ ನೋಡಿದಾಗ ಎರಡರಲ್ಲಿ ಟ್ರಾಪಿಕಾ ಸಿಕ್ಕಿತು, ಎಂಟರಲ್ಲಿ ಡೊನೊವಾನಿ. ಹತ್ತು ಮಾದರಿ ಬಹಳ ಕಡಿಮೆ, ನಿಜ. ಅದರಿಂದ ಇಡೀ ಕಣಿವೆಗೆ ಶೇಕಡಾವಾರು ಕಟ್ಟಲಾಗದು. ಆದರೆ ಕಾಲಾ ಅಜಾರ್‌ನ ಜೀವಿ ಚರ್ಮದಲ್ಲೇ ನಿಂತು ಬೇರೊಂದು ರೋಗವಾಗಬಲ್ಲದು ಎಂದು ತೋರಿಸಲು ಅಷ್ಟು ಧಾರಾಳ ಸಾಕು.

ರೋಗದ ಚಹರೆಯೇ ಅದನ್ನು ಮರೆಮಾಡುತ್ತದೆ. ಪರೋಪಜೀವಿಯನ್ನು ಹೊತ್ತ, ಎರಡು ಮೂರು ಮಿಲಿಮೀಟರ್ ಉದ್ದದ ಮರಳುನೊಣ ಸದ್ದಿಲ್ಲದೆ ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ವಾರಗಳು, ಒಮ್ಮೊಮ್ಮೆ ತಿಂಗಳುಗಳು ಕಳೆದ ಮೇಲೆ ಕೆಂಪನೆಯ ಗುಳ್ಳೆ ಏಳುತ್ತದೆ. ಅಷ್ಟು ಹೊತ್ತಿಗೆ ಕಡಿತದ ನೆನಪು ಯಾರಿಗೂ ಇರುವುದಿಲ್ಲ. ಗುಳ್ಳೆ ಗಂಟಾಗಿ ಬೆಳೆದು, ಮೇಲೆ ಹಕ್ಕಳೆ ಕಟ್ಟಿ, ಕೆಲವೊಮ್ಮೆ ನಡುವೆ ಕುಳಿಬಿದ್ದು ಅಂಚು ಉಬ್ಬಿದ ಹುಣ್ಣಾಗುತ್ತದೆ. ಬಟ್ಟೆ ಮುಚ್ಚದ ಭಾಗಗಳಲ್ಲಿ, ಈ ಕಣಿವೆಯಲ್ಲಂತೂ ಹೆಚ್ಚಾಗಿ ಮುಖದ ಮೇಲೆ ಅದು ಕಾಣುತ್ತದೆ. ನೋವಿಲ್ಲ, ತುರಿಕೆಯಿಲ್ಲ, ಜ್ವರವಿಲ್ಲ. ನೋಯದ ಹುಣ್ಣಿಗೆಂದು ಬೆಟ್ಟ ಇಳಿದು ಆಸ್ಪತ್ರೆಗೆ ಹೋಗುವವರು ಎಷ್ಟು ಮಂದಿ? ಹೋದರೂ ಚರ್ಮದ ಕ್ಷಯ ಅಥವಾ ಕುಷ್ಠವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಆ 161 ಮಂದಿಯಲ್ಲಿ ಹುಣ್ಣನ್ನು ಕೆರೆದು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪರೋಪಜೀವಿ ಕಂಡದ್ದು ಶೇ. 37ರಷ್ಟು ಜನರಲ್ಲಿ ಮಾತ್ರ. ಬಯಾಪ್ಸಿಯಲ್ಲಿ ಶೇ. 77ರಷ್ಟು ಜನರಲ್ಲಿ ಗ್ರಾನ್ಯುಲೋಮಾ ಎಂಬ ಜೀವಕೋಶಗಳ ಗುಂಪು ಸಿಕ್ಕಿತು. ಅಂಥ ಗುಂಪು ಕ್ಷಯ, ಕುಷ್ಠಗಳಲ್ಲೂ ಇರುತ್ತದೆ. ಗಾಜಿನ ಮೇಲೆ ಜೀವಿ ಕಂಡರಷ್ಟೇ ರೋಗಿ ಎಂದು ಬರೆದುಕೊಳ್ಳುವ ಆಸ್ಪತ್ರೆ, ಹಾಗಾದರೆ, ಮೂವರಲ್ಲಿ ಇಬ್ಬರನ್ನು ಹೆಚ್ಚುಕಡಿಮೆ ಬಿಟ್ಟೇಬಿಡುತ್ತದೆ.

ಇದು ಹೊರಗಿನಿಂದ ಬಂದ ಕಾಯಿಲೆ, ಜಲವಿದ್ಯುತ್ ಯೋಜನೆಗಳ ಕೂಲಿಕಾರರು ಬಯಲುಸೀಮೆಯಿಂದ ತಂದಿರಬೇಕು ಎನ್ನಬಹುದು. 1500 ಮೆಗಾವಾಟ್‌ನ ನಾಥ್ಪಾ ಝಾಕ್ರಿ ಯೋಜನೆ ಕಟ್ಟಿದ್ದು ಇದೇ ಕಣಿವೆಯಲ್ಲಿ. ಆದರೆ ಈ ಪರೋಪಜೀವಿ ಸಾಮಾನ್ಯವಾಗಿ ಒಬ್ಬರ ಮೈಯಿಂದ ಇನ್ನೊಬ್ಬರಿಗೆ ದಾಟಲು ಮರಳುನೊಣ ಬೇಕೇಬೇಕು. ಹತ್ತು ತಿಂಗಳ ಕೂಸು ಕೂಲಿಗೆ ಹೋಗಿಲ್ಲ. ಸುರಂಗದ ಕೆಲಸವೇ ಕಾರಣವಾಗಿದ್ದರೆ ಹೆಂಗಸರ ಸಂಖ್ಯೆ ಗಂಡಸರಿಗೆ ಸರಿಸಮನಾಗಿ ಇರುತ್ತಿರಲಿಲ್ಲ. ಬಿಹಾರದಲ್ಲಿ ರೋಗ ಹರಡುವುದು ಫ್ಲೆಬೊಟೋಮಸ್ ಅರ್ಜೆಂಟಿಪೆಸ್ ಎಂಬ ನೊಣ. ಸಟ್ಲೆಜ್ ದಂಡೆಯಲ್ಲಿ ಆ ತಂಡದ ಬಲೆಗೆ ಬಿದ್ದದ್ದು ಮಾತ್ರ ಫ್ಲೆಬೊಟೋಮಸ್ ಲಾಂಗಿಡಕ್ಟಸ್ ಎಂಬ ಬೇರೆಯದೇ ಜಾತಿ. ಜೀವಿ ಎಂದೋ ಹೊರಗಿನಿಂದ ಬಂದಿರಲಿ, ಈಗ ಅದು ಅಲ್ಲಿಯೇ ನೆಲೆಯೂರಿದೆ ಎನ್ನುವುದಕ್ಕೆ ಇವೆಲ್ಲ ಸಾಕ್ಷಿ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಈ ಹುಣ್ಣು ಕೊಲ್ಲುವುದಿಲ್ಲ, ಬಹಳಷ್ಟು ಸಲ ತಾನೇ ಮಾಯುತ್ತದೆ, ಡೊನೊವಾನಿ ಎಂದು ಗಾಬರಿ ಏಕೆ? ಶ್ರೀಲಂಕಾದ ಅನುಭವ ಈ ಮಾತಿಗೆ ಬಹುಮಟ್ಟಿಗೆ ಬೆಂಬಲ ಕೊಡುತ್ತದೆ. ಅಲ್ಲಿನ ಡೊನೊವಾನಿ ತಳಿ ತರುವುದು ಹೆಚ್ಚಾಗಿ ಚರ್ಮದ ರೋಗವನ್ನೇ. ಕೇರಳದ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನವರಲ್ಲಿ ಕಂಡ ಚರ್ಮದ ಹುಣ್ಣುಗಳಲ್ಲೂ ಡೊನೊವಾನಿಯೇ ಸಿಕ್ಕಿತು. ಪಶ್ಚಿಮ ಘಟ್ಟದ ಇತ್ತ ಬದಿಯವರಾದ ನಾವೂ ಇದನ್ನು ತಿಳಿದಿರುವುದು ಒಳ್ಳೆಯದು. ಆದರೆ ಸಟ್ಲೆಜ್ ಕಣಿವೆಯಿಂದ ಚರ್ಮರೋಗದ ಜೊತೆಗೆ ಕಾಲಾ ಅಜಾರ್‌ನ ಪ್ರಕರಣಗಳೂ ವರದಿಯಾಗಿವೆ. ಜೊತೆಗೆ, ಚರ್ಮದಲ್ಲಿ ಉಳಿದ ಜೀವಿ ನೊಣಕ್ಕೆ ದಾಟಬಲ್ಲದು ಎಂಬುದನ್ನು ಬಿಹಾರದಲ್ಲೇ ನೋಡಿದ್ದೇವೆ: ಕಾಲಾ ಅಜಾರ್ ವಾಸಿಯಾದ ಎಷ್ಟೋ ಕಾಲಕ್ಕೆ ಕೆಲವರ ಚರ್ಮದಲ್ಲಿ ಏಳುವ ಮಚ್ಚೆ, ಗಂಟುಗಳು ಸೋಂಕಿನ ಬೀಡಾಗಿ ಉಳಿಯುತ್ತವೆ. ಮಾಯುವ ಮಾತಿಗೆ ಬಂದರೆ, ಮಾಯಲು ತಿಂಗಳುಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ, ಮಾಯ್ದ ಮೇಲೆ ಮುಖದಲ್ಲಿ ತಗ್ಗುಬಿದ್ದ ಕಲೆ ಉಳಿಯುತ್ತದೆ. ಆ ಕಲೆಯನ್ನು ಹೊತ್ತು ಬದುಕುವ ಹುಡುಗಿಗೆ ಇದು ಸಣ್ಣ ಕಾಯಿಲೆಯಲ್ಲ.

ಕಾಲಾ ಅಜಾರ್ ನಿರ್ಮೂಲನೆಗೆ ನಾವು ಇಟ್ಟುಕೊಂಡ ಅಳತೆ, ಪ್ರತಿ ಬ್ಲಾಕಿನಲ್ಲಿ ವರ್ಷಕ್ಕೆ 10,000 ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣ. ಅದನ್ನು ಲೆಕ್ಕ ಹಾಕುವುದು ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶಗಳ ರೋಗಪೀಡಿತ ಜಿಲ್ಲೆಗಳಲ್ಲಿ. ಕಿನ್ನೌರ್ ಆ ಪಟ್ಟಿಯಲ್ಲಿಲ್ಲ. ಅಲ್ಲಿನ ರೋಗಿಗಳಿಗೆ ಹುಣ್ಣಿನೊಳಗೇ ಚುಚ್ಚಿದ ಸೋಡಿಯಂ ಸ್ಟಿಬೊಗ್ಲುಕೊನೇಟ್ ಒಳ್ಳೆಯ ಗುಣ ಕೊಟ್ಟಿತ್ತು. ಔಷಧಿ ಹೊಸದಲ್ಲ, ದಶಕಗಳಿಂದ ಬಳಕೆಯಲ್ಲಿದೆ. ಆ ಸೂಜಿ ಹಿಡಿಯುವ ಮೊದಲು, ಕೆನ್ನೆಯ ಮೇಲಿನ ನೋಯದ ಗಂಟನ್ನು ಕಂಡ ವೈದ್ಯರಿಗೆ ಲೀಶ್ಮೇನಿಯಾದ ಹೆಸರು ನೆನಪಿಗೆ ಬರಬೇಕು.