ಮೊಗಸಾಲೆಯಲ್ಲಿ ಮಾಜಿಗಳು

ತುಂಗಭದ್ರಾ ಅಣೆಕಟ್ಟೆಯ ಎಡದಂಡೆಯಲ್ಲಿರುವ ಮುನಿರಾಬಾದ್ ದೊಡ್ಡ ಊರೇನಲ್ಲ. ಹುಲಿಗೆಮ್ಮನ ದರ್ಶನಕ್ಕೆ ಬರುವವರಿಗೆ ಅದೊಂದು ರೈಲು ನಿಲ್ದಾಣ. ಉಳಿದವರಿಗೆ ಎಂಜಿನಿಯರುಗಳ ಕಚೇರಿಗಳ ಊರು. ಆದರೆ ಎಡದಂಡೆ ನಾಲೆಯ ರೈತರಿಗೆ ಈ ಹೆಸರು ಕಿವಿಗೆ ಬಿದ್ದರೆ ನೆನಪಾಗುವುದು ನೀರಾವರಿ ಸಲಹಾ ಸಮಿತಿಯ ಸಭೆ. ನಾಲೆಗೆ ಯಾವ ದಿನ ನೀರು ಬಿಡಬೇಕು, ಎಷ್ಟು ಕ್ಯೂಸೆಕ್ ಬಿಡಬೇಕು, ಎರಡನೇ ಬೆಳೆಗೆ ಕೊಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವ ಈ ಸಭೆ ಎಷ್ಟೋ ಸಲ ಇಲ್ಲಿನ ಕಾಡಾ ಕಚೇರಿಯಲ್ಲಿ ನಡೆದಿದೆ, ಕೆಲವೊಮ್ಮೆ ಬೆಂಗಳೂರಿನಲ್ಲೂ ನಡೆದಿದೆ. ಅಚ್ಚುಕಟ್ಟು ಪ್ರದೇಶದ ಸಚಿವರು, ಸಂಸದರು, ಶಾಸಕರು ಸಮಿತಿಯಲ್ಲಿ ಕೂರುತ್ತಾರೆ. ಅವರು ಆಡಿದ ಮಾತಿನ ಸಾರ ನಡಾವಳಿಯಲ್ಲಿ ದಾಖಲಾಗುತ್ತದೆ.

ಈ ಸಭೆಗೆ ಇಷ್ಟು ಮಹತ್ವ ಯಾಕೆಂದರೆ ನಾಲೆ ಉದ್ದ, ನೀರು ಗಿಡ್ಡ. ಸುಮಾರು 227 ಕಿ.ಮೀ. ಹರಿಯುವ ಎಡದಂಡೆ ಮುಖ್ಯ ನಾಲೆಯ ಮೇಲ್ಭಾಗದಲ್ಲಿ ಗಂಗಾವತಿಯ ಭತ್ತದ ಗದ್ದೆಗಳಿವೆ. ಕೆಳಭಾಗದಲ್ಲಿ ಸಿಂಧನೂರು, ಮಾನ್ವಿ, ರಾಯಚೂರಿನ ಹೊಲಗಳಿವೆ. ಕಡಿಮೆ ನೀರಿನ ಬೆಳೆಗಳಿಗೆಂದು ರೂಪಿಸಿದ ಯೋಜನೆಯಲ್ಲಿ ಮೇಲಿನವರು ಭತ್ತ ಬೆಳೆದರು, ಕೊನೆಯವರಿಗೆ ನೀರು ಮುಟ್ಟಲಿಲ್ಲ. ಜಲಾಶಯಕ್ಕೆ ಹೂಳು ತುಂಬಿ, ಮೊದಲು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮೇಲೆ, 2025ರಲ್ಲಿ ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು ಸುಮಾರು 80 ಟಿಎಂಸಿ ಅಡಿಗೆ ಮಿತಿಗೊಳಿಸಬೇಕಾಯಿತು. ಇದೇ ನೀರಿನಲ್ಲಿ ಗಿಣಿಗೇರಾ ಸುತ್ತಲಿನ ಕಬ್ಬಿಣ–ಉಕ್ಕಿನ ಕಾರ್ಖಾನೆಗಳಿಗೂ ಪಾಲಿದೆ. ಹೀಗಿರುವಾಗ ಒಂದು ಉಪಕಾಲುವೆಯ ತೂಬು ನಾಲ್ಕು ದಿನ ಮೊದಲು ತೆರೆದರೆ ಒಬ್ಬನಿಗೆ ಬೆಳೆ, ಇನ್ನೊಬ್ಬನಿಗೆ ಸಾಲ.

ಸಮಿತಿಯ ಒಳಗೆ ಹಾಲಿ ಶಾಸಕರು ಇರುತ್ತಾರೆ. ಮಾಜಿಗಳು? ಅವರು ರೈತರ ನಿಯೋಗ ಕಟ್ಟಿಕೊಂಡು ಮನವಿ ಪತ್ರ ಹಿಡಿದು ಬರುತ್ತಾರೆ, ರಸ್ತೆ ತಡೆಯಲ್ಲಿ ಕೂರುತ್ತಾರೆ, ಅಧಿಕಾರಿಗಳಿಗೆ ಫೋನು ಮಾಡುತ್ತಾರೆ. ಇದರಲ್ಲಿ ತಪ್ಪು ಹುಡುಕುವುದು ಸಲ್ಲ. ಸೋತ ಮಾತ್ರಕ್ಕೆ ಮನುಷ್ಯ ಜನನಾಯಕನಲ್ಲದೆ ಹೋಗುವುದಿಲ್ಲ. ಹಾಲಿಗಳಿಗಿಂತ ಚೆನ್ನಾಗಿ ನಾಲೆಯ ಲೆಕ್ಕ ಬಲ್ಲ ಮಾಜಿಗಳೂ ಇರಬಹುದು. ತೊಡಕಿರುವುದು ಬೇರೆ ಕಡೆ. ಅದೇ ಮಾಜಿ ಶಾಸಕ ನಾಳೆ ಒಬ್ಬ ಗುತ್ತಿಗೆದಾರನ ಪರವಾಗಿಯೋ ಒಂದು ಕಂಪನಿಯ ಪರವಾಗಿಯೋ ಸಂಬಳ ಪಡೆದು ಅದೇ ಅಧಿಕಾರಿಗೆ ಅದೇ ಫೋನಿನಲ್ಲಿ ಮಾತನಾಡಿದರೆ, ಎರಡು ಕರೆಗಳ ನಡುವಿನ ವ್ಯತ್ಯಾಸವನ್ನು ಹೇಳುವ ಕಾಗದ ನಮ್ಮಲ್ಲಿ ಎಲ್ಲೂ ಇಲ್ಲ.

ಹೀಗೆ ಕೂಲಿ ಪಡೆದು ಸರ್ಕಾರದ ಮನವೊಲಿಸುವ ಕೆಲಸಕ್ಕೆ ಇಂಗ್ಲಿಷಿನವರು ‘ಲಾಬಿ’ ಎನ್ನುತ್ತಾರೆ. ಶಾಸನಸಭೆಯ ಮೊಗಸಾಲೆಯಲ್ಲಿ ನಿಂತು ಸದಸ್ಯರನ್ನು ಹಿಡಿಯುವುದರಿಂದ ಬಂದ ಮಾತು. ನಮ್ಮ ಜನ ‘ವಶೀಲಿ’ ಎನ್ನುತ್ತಾರೆ. ಅಮೆರಿಕ, ಕೆನಡಾ, ಬ್ರಿಟನ್ ಮುಂತಾದ ದೇಶಗಳಲ್ಲಿ ಈ ವೃತ್ತಿಗೆ ನೋಂದಣಿ ಇದೆ: ಯಾರು, ಯಾರ ಪರವಾಗಿ ಸರ್ಕಾರದ ಬಾಗಿಲು ತಟ್ಟಿದರು ಎಂಬುದು ಸಾರ್ವಜನಿಕ ಪುಸ್ತಕದಲ್ಲಿ ಇರಬೇಕು. ಭಾರತದಲ್ಲಿ ಇಂಥ ಕಾನೂನೇ ಇಲ್ಲ. ಆದ್ದರಿಂದ ಇಲ್ಲಿ ಮಾಜಿ ಶಾಸಕನೊಬ್ಬ ನೋಂದಾಯಿಸದೆ ವಶೀಲಿ ನಡೆಸಿದ ಎಂದು ದೂರುವಂತೆಯೂ ಇಲ್ಲ; ನೋಂದಾಯಿಸಲು ಪುಸ್ತಕವೇ ಇಲ್ಲವಲ್ಲ!

ಇದು ಪಶ್ಚಿಮದಿಂದ ಎರವಲು ತಂದ ತಲೆನೋವು ಎಂದುಕೊಳ್ಳಬೇಕಾಗಿಲ್ಲ. ಮುನಿರಾಬಾದಿನಿಂದ ನದಿ ದಾಟಿ ಸ್ವಲ್ಪ ದೂರ ಹೋದರೆ ಹಂಪಿ. ವಿಜಯನಗರದ ಅರಸರ ಕಾಲದಲ್ಲಿ ದೂರದ ಸೀಮೆಗಳನ್ನು ಆಳುತ್ತಿದ್ದ ನಾಯಕರು ರಾಜಧಾನಿಯಲ್ಲಿ ತಮ್ಮ ಪರವಾಗಿ ಒಬ್ಬ ‘ಸ್ಥಾನಾಪತಿ’ಯನ್ನು ಇರಿಸುತ್ತಿದ್ದರು. ಆಸ್ಥಾನದಲ್ಲಿ ತನ್ನ ಒಡೆಯನ ಹಿತ ನೋಡಿಕೊಳ್ಳುವುದು ಅವನ ಕೆಲಸ. ಮುಂದೆ ನಿಜಾಮ, ಪೇಶ್ವೆ, ಟಿಪ್ಪು ಇವರ ದರಬಾರುಗಳಲ್ಲಿ ಪರಸ್ಪರರ ‘ವಕೀಲ’ರು ಇದ್ದರು. ಇವರಾರೂ ಸಂನ್ಯಾಸಿಗಳಲ್ಲ, ಒಳಗೊಳಗೆ ಏನೇನು ನಡೆಸಿದರೋ! ಆದರೆ ಸ್ಥಾನಾಪತಿ ಬಾಯಿ ತೆರೆದರೆ ಅದು ಯಾರ ಬಾಯಿ ಎಂಬುದು ಆಸ್ಥಾನಕ್ಕೆ ತಿಳಿದಿರುತ್ತಿತ್ತು.

ಬ್ರಿಟಿಷರು 1860ರಲ್ಲಿ ಬರೆದ ಭಾರತೀಯ ದಂಡ ಸಂಹಿತೆಯೂ ಈ ಗೆರೆಯನ್ನು ಗುರುತಿಸಿತ್ತು ಎಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ. ಅದರ 163ನೇ ಕಲಮು, ಸರ್ಕಾರಿ ನೌಕರನ ಮೇಲೆ ತನ್ನ ‘ವೈಯಕ್ತಿಕ ಪ್ರಭಾವ’ ಬೀರಲು ಹಣ ಪಡೆಯುವುದನ್ನು ಅಪರಾಧವೆಂದು ಸಾರಿತು. ಅದಕ್ಕೆ ಕೊಟ್ಟ ಉದಾಹರಣೆಗಳು ಸ್ವಾರಸ್ಯವಾಗಿವೆ. ನ್ಯಾಯಾಧೀಶರ ಮುಂದೆ ವಾದಿಸಿ ಶುಲ್ಕ ಪಡೆಯುವ ವಕೀಲ ಈ ಕಲಮಿನೊಳಗೆ ಬರುವುದಿಲ್ಲ. ಸರ್ಕಾರಕ್ಕೆ ಸಲ್ಲಿಸುವ ಮನವಿಯನ್ನು ತಿದ್ದಿ ಜೋಡಿಸಿ ಕೂಲಿ ಪಡೆಯುವವನು ಬರುವುದಿಲ್ಲ. ಶಿಕ್ಷೆಗೊಳಗಾದವನ ಪರವಾಗಿ ಸರ್ಕಾರದ ಮುಂದೆ ಹೇಳಿಕೆ ಮಂಡಿಸುವ ಏಜೆಂಟನೂ ಬರುವುದಿಲ್ಲ. ಯಾಕೆಂದರೆ ಅವರು ಮಾರುವುದು ವಾದವನ್ನು, ಪರಿಚಯವನ್ನಲ್ಲ. ತಾಲ್ಲೂಕು ಕಚೇರಿಯ ಮುಂದೆ ಕೂತ ಅರ್ಜಿ ಬರಹಗಾರನನ್ನೂ ನೆನೆದಂತೆ ಬರೆದ ಆ ಕಲಮು 1988ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಯೊಳಗೆ ಸೇರಿತು. 2018ರ ತಿದ್ದುಪಡಿಯ ನಂತರ 7ಎ ಕಲಮಾಗಿದೆ, ಶಿಕ್ಷೆ ಮೂರರಿಂದ ಏಳು ವರ್ಷ.

ಅಂದರೆ ಕಾನೂನು ಪೂರ್ತಿ ಮೌನವಾಗಿಲ್ಲ. ಆದರೆ ಈ ಕಲಮಿನಡಿ ಹಿಡಿಯಬೇಕಾದರೆ ಹಣ ಪಡೆದದ್ದು ಇಲ್ಲವೇ ಪಡೆಯಲು ಯತ್ನಿಸಿದ್ದು, ಅದರಿಂದಾಗಿ ಅಧಿಕಾರಿ ಕರ್ತವ್ಯ ತಪ್ಪುವಂತೆ ಮಾಡಲು ಹೊರಟಿದ್ದು ಎರಡನ್ನೂ ರುಜುವಾತು ಮಾಡಬೇಕು. ಹಣಕ್ಕೆ ‘ಸಲಹಾ ಶುಲ್ಕ’ ಎಂಬ ರಸೀದಿ ಇದ್ದು, ಮಾತು ಪ್ರವಾಸಿ ಮಂದಿರದ ಊಟದ ಮೇಜಿನಲ್ಲಿ ಮುಗಿದಿದ್ದರೆ ರುಜುವಾತು ಎಲ್ಲಿಂದ ಬರಬೇಕು?

ಸ್ವತಂತ್ರ ಭಾರತದ ಸಂಸತ್ತು ಈ ಬಗೆಯ ಪ್ರಕರಣವನ್ನು ಮೊದಲು ಎದುರಿಸಿದಾಗ ಕಟಕಟೆಯಲ್ಲಿ ನಿಂತವರು ಒಬ್ಬ ಕನ್ನಡಿಗರು. ಹುಬ್ಬಳ್ಳಿ ಕಡೆಯ ಹುಚ್ಚೇಶ್ವರ ಗುರುಸಿದ್ಧ ಮುದಗಲ್. ಕುಷ್ಟಗಿಯ ಆಚೆ ಲಿಂಗಸುಗೂರು ತಾಲ್ಲೂಕಿನಲ್ಲಿರುವ ಕೋಟೆಯ ಊರು ಮುದಗಲ್ಲನ್ನೇ ಅಡ್ಡಹೆಸರಾಗಿ ಹೊತ್ತವರು. ಅವರ ಬದುಕು ಕಾದಂಬರಿಯಂತಿದೆ. ಅಮೆರಿಕಕ್ಕೆ ಹೋಗಿ ಓದಿ, ನ್ಯೂಯಾರ್ಕಿನಲ್ಲಿ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿ ಸ್ಥಾಪಿಸಿದ ‘ನೀಗ್ರೋ ವರ್ಲ್ಡ್’ ಪತ್ರಿಕೆಯ ಸಂಪಾದಕರಾಗಿದ್ದರು; ಸ್ವದೇಶಕ್ಕೆ ಮರಳಿ ಮುಂಬಯಿಯಿಂದ ಹಂಗಾಮಿ ಸಂಸತ್ತಿನ ಸದಸ್ಯರಾದರು.

ಮುಂಬಯಿಯ ಚಿನ್ನ–ಬೆಳ್ಳಿ ವರ್ತಕರ ಸಂಘ, ಬಾಂಬೆ ಬುಲಿಯನ್ ಅಸೋಸಿಯೇಷನ್, ಇದರಿಂದ ಹಣ ಪಡೆದು ಅದರ ಪರವಾಗಿ ಸಂಸತ್ತಿನಲ್ಲಿ ಪ್ರಶ್ನೆ ಕೇಳುವುದು, ವಾಯಿದೆ ವ್ಯಾಪಾರದ ಮಸೂದೆಗೆ ತಿದ್ದುಪಡಿ ಸೂಚಿಸುವುದು, ಸಚಿವರ ಭೇಟಿ ಮಾಡಿಸಿಕೊಡುವುದು ಮುದಗಲ್ ಅವರ ಮೇಲಿನ ಆರೋಪ. 1951ರ ಜೂನ್ 8ರಂದು ಪ್ರಧಾನಿ ನೆಹರೂ ಅವರ ಸೂಚನೆಯಂತೆ ಟಿ.ಟಿ. ಕೃಷ್ಣಮಾಚಾರಿ ಅಧ್ಯಕ್ಷತೆಯಲ್ಲಿ ಐವರ ಸಮಿತಿ ನೇಮಕವಾಯಿತು. ಸಮಿತಿ ಆರೋಪವನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ 24ರಂದು ಉಚ್ಚಾಟನೆಯ ನಿರ್ಣಯ ಚರ್ಚೆಯಲ್ಲಿದ್ದಾಗ ಮುದಗಲ್ ತಮ್ಮ ಮಾತು ಮುಗಿಸಿ ರಾಜೀನಾಮೆ ಕೊಟ್ಟು ಹೊರನಡೆದರು. ಮಾಜಿಯಾಗಿಬಿಟ್ಟರೆ ಮುಗಿಯಿತು ಎಂಬ ಲೆಕ್ಕ. ಸದನ ಒಪ್ಪಲಿಲ್ಲ. ಅವರು ಉಚ್ಚಾಟನೆಗೆ ಅರ್ಹರಾಗಿದ್ದರೆಂದೂ, ರಾಜೀನಾಮೆಯ ಮಾತುಗಳು ಸದನಕ್ಕೆ ಮಾಡಿದ ಅಗೌರವವೆಂದೂ ನಿರ್ಣಯವನ್ನು ತಿದ್ದಿ ಅಂಗೀಕರಿಸಿತು.

ಆ ದಿನ ಸಂಸತ್ತು ಹಾಲಿ ಸದಸ್ಯರಿಗೆ ಹಾಕಿದ ಬೇಲಿ ಉಳಿದುಕೊಂಡಿದೆ. 2005ರಲ್ಲಿ ಪ್ರಶ್ನೆ ಕೇಳಲು ಲಂಚ ಪಡೆದ 11 ಸಂಸದರನ್ನು ಉಚ್ಚಾಟಿಸಿದಾಗ ಮುದಗಲ್ ಪ್ರಕರಣವೇ ಪೂರ್ವನಿದರ್ಶನವಾಯಿತು. ಸದನದಲ್ಲಿ ಮತ ಹಾಕಲು, ಮಾತನಾಡಲು ಲಂಚ ಪಡೆದವರಿಗೆ ಶಾಸಕಾಂಗದ ವಿಶೇಷಾಧಿಕಾರದ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ ಹೇಳಿತು. ರಾಜ್ಯಸಭೆಯ ಸದಸ್ಯರು ತಮ್ಮ ಸಂಬಳದ ನಿರ್ದೇಶಕ ಹುದ್ದೆ, ಸಲಹಾ ವೃತ್ತಿ ಮುಂತಾದ ಹಿತಾಸಕ್ತಿಗಳನ್ನು ರಿಜಿಸ್ಟರಿನಲ್ಲಿ ಬರೆಸಬೇಕು. ಇವೆಲ್ಲವೂ ಅವಧಿ ಮುಗಿಯುವ ದಿನಕ್ಕೆ ಮುಗಿಯುತ್ತವೆ.

ಉಳಿದವರ ವಿಷಯದಲ್ಲಿ ದೇಶ ಇಷ್ಟು ಉದಾರವಾಗಿಲ್ಲ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಭಾರತದ ಯಾವ ನ್ಯಾಯಾಲಯದಲ್ಲೂ ವಾದಿಸುವಂತಿಲ್ಲ. ಸಂವಿಧಾನದ 124ನೇ ವಿಧಿಯೇ ತಡೆಯುತ್ತದೆ. ಹೈಕೋರ್ಟಿನವರು ತಾವು ಕೂತಿದ್ದ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಕೇಂದ್ರ ಸೇವೆಯ ಹಿರಿಯ ಅಧಿಕಾರಿ ನಿವೃತ್ತಿಯ ಒಂದು ವರ್ಷದೊಳಗೆ ಖಾಸಗಿ ನೌಕರಿ ಹಿಡಿಯಲು ಅನುಮತಿ ಬೇಕು. ಸರ್ಕಾರಿ ಕಾಮಗಾರಿಗಳ ಟೆಂಡರ್ ಷರತ್ತುಗಳಲ್ಲಿ, ಇತ್ತೀಚೆಗೆ ನಿವೃತ್ತನಾದ ಗೆಜೆಟೆಡ್ ಎಂಜಿನಿಯರನ್ನು ಗುತ್ತಿಗೆದಾರ ಅನುಮತಿಯಿಲ್ಲದೆ ನೇಮಿಸಿಕೊಳ್ಳಬಾರದೆಂಬ ಮಾತು ಕಾಣಸಿಗುತ್ತದೆ. ನಾಲೆ ದುರಸ್ತಿಯ ಅಂದಾಜು ಪಟ್ಟಿ ಬರೆದವನು ಮರುದಿನ ಗುತ್ತಿಗೆದಾರನ ಮೇಜಿನಾಚೆ ಕೂರಬಾರದು ಎಂಬ ವಿವೇಕ ಅದರ ಹಿಂದಿದೆ. ಆದರೆ ಆ ಕಾಮಗಾರಿಗೆ ಹಣ ಮಂಜೂರು ಮಾಡಿದ ಸಚಿವ, ಸದನದಲ್ಲಿ ಬಜೆಟ್ಟಿಗೆ ಕೈಯೆತ್ತಿದ ಶಾಸಕ ಸೋತ ಮರುದಿನವೇ ಕೂರಬಹುದು. ಕರ್ನಾಟಕದಲ್ಲಿ ವಿಧಾನಸಭೆಯ 224, ಪರಿಷತ್ತಿನ 75 ಸ್ಥಾನಗಳಿವೆ. ಪ್ರತಿ ಚುನಾವಣೆಯೂ ಮಾಜಿಗಳ ಒಂದು ಹೊಸ ತಂಡವನ್ನು ಹೊರಕ್ಕೆ ಕಳಿಸುತ್ತದೆ. ಅವರಿಗೆ ಪಿಂಚಣಿಯ ಕಾನೂನು ಇದೆ, ಕಾಯುವ ಅವಧಿಯ ಕಾನೂನು ಇಲ್ಲ. ಎರಡನ್ನೂ ಬರೆಯಬೇಕಾದವರು ಅವರೇ ಎಂಬುದನ್ನು ಇಲ್ಲಿ ಹೇಳದೆ ಇರುವಂತಿಲ್ಲ.

ಪುಸ್ತಕ ಇಟ್ಟ ದೇಶಗಳಲ್ಲಿ ಎಲ್ಲವೂ ಸರಿಯಿದೆಯೆ? ಇಲ್ಲ. ಅಮೆರಿಕದ 1995ರ ಲಾಬಿ ಕಾಯ್ದೆಯ ಪ್ರಕಾರ ಒಬ್ಬ ಗಿರಾಕಿಗಾಗಿ ಮಾಡುವ ಕೆಲಸದಲ್ಲಿ ಶೇ 20ಕ್ಕಿಂತ ಕಡಿಮೆ ಸಮಯ ಲಾಬಿಗೆ ಹೋದರೆ ನೋಂದಣಿ ಬೇಡ. 2004ರಲ್ಲಿ ಸೋತ ಸೆನೆಟ್ ನಾಯಕ ಟಾಮ್ ಡ್ಯಾಶಲ್ ದೊಡ್ಡ ಕಾನೂನು ಸಂಸ್ಥೆಗಳಲ್ಲಿ ‘ನೀತಿ ಸಲಹೆಗಾರ’ರಾಗಿ ವರ್ಷಗಟ್ಟಲೆ ಕೆಲಸ ಮಾಡಿ, ಲಾಬಿಗಾರರೆಂದು ನೋಂದಾಯಿಸಿದ್ದು 2016ರಲ್ಲಿ. ಅಲ್ಲಿನ ಪತ್ರಕರ್ತರು ಆ ಸಂದಿಗೆ ಅವರ ಹೆಸರನ್ನೇ ಇಟ್ಟುಬಿಟ್ಟರು. ಪ್ರತಿನಿಧಿ ಸಭೆಯ ಮಾಜಿ ಸ್ಪೀಕರ್ ನ್ಯೂಟ್ ಗಿಂಗ್ರಿಚ್, ಗೃಹಸಾಲ ಸಂಸ್ಥೆ ಫ್ರೆಡ್ಡಿ ಮ್ಯಾಕ್‌ನಿಂದ ಸುಮಾರು 16 ಲಕ್ಷ ಡಾಲರ್ ಪಡೆದದ್ದರ ಬಗ್ಗೆ ಪ್ರಶ್ನೆ ಬಂದಾಗ, ತಾವು ಇತಿಹಾಸಕಾರನಾಗಿ ಸಲಹೆ ನೀಡಿದ್ದಾಗಿ 2011ರಲ್ಲಿ ಹೇಳಿದರು. ಇತಿಹಾಸಕ್ಕೆ ಅಷ್ಟು ಬೆಲೆ ಇದೆಯೆಂದು ನಮ್ಮ ಅಧ್ಯಾಪಕರಿಗೆ ತಿಳಿದಿರಲಿಕ್ಕಿಲ್ಲ.

ಬ್ರಿಟನ್ನಿನದು ಇನ್ನೂ ವಿಚಿತ್ರ. ಅಲ್ಲಿನ 2014ರ ಕಾಯ್ದೆ ಜಾರಿಗೆ ಬಂದದ್ದು ಪ್ರಧಾನಿ ಡೇವಿಡ್ ಕ್ಯಾಮರಾನ್ ಸರ್ಕಾರದಲ್ಲಿ. ಅಧಿಕಾರ ಬಿಟ್ಟ ಮೇಲೆ ಕ್ಯಾಮರಾನ್ 2020ರಲ್ಲಿ ಗ್ರೀನ್‌ಸಿಲ್ ಎಂಬ ಹಣಕಾಸು ಕಂಪನಿಗೆ ಸರ್ಕಾರಿ ನೆರವು ಕೊಡಿಸಲು ಸಚಿವರಿಗೆ ಮೊಬೈಲಿನಲ್ಲಿ ಸಂದೇಶಗಳನ್ನು ಕಳಿಸಿದರು. 2021ರಲ್ಲಿ ಸುದ್ದಿಯಾಯಿತು. ನೋಂದಣಾಧಿಕಾರಿ ವಿಚಾರಿಸಿ, ಅವರು ಕಂಪನಿಯ ಸ್ವಂತ ನೌಕರ, ಹೊರಗಿನ ಲಾಬಿಗಾರ ಅಲ್ಲ, ಆದ್ದರಿಂದ ನೋಂದಣಿ ಅಗತ್ಯವಿರಲಿಲ್ಲ ಎಂದರು. ನೆರವು ಸಿಗಲಿಲ್ಲ, ಕಂಪನಿ ಮುಳುಗಿತು. 2023ರಲ್ಲಿ ಕ್ಯಾಮರಾನ್ ವಿದೇಶಾಂಗ ಸಚಿವರಾಗಿ ಮರಳಿದರು. ಕೆನಡಾ ಮಾತ್ರ ಉನ್ನತ ಹುದ್ದೆ ಬಿಟ್ಟವರು ಐದು ವರ್ಷ ಲಾಬಿಯಿಂದ ದೂರವಿರಬೇಕೆಂದು 2008ರಲ್ಲಿ ಬಿಗಿ ಮಾಡಿತು.

ಹಾಗಿದ್ದರೂ ತೂತುಬಿದ್ದ ಪುಸ್ತಕ ಇಲ್ಲದ ಪುಸ್ತಕಕ್ಕಿಂತ ಮೇಲು ಎಂಬುದಕ್ಕೆ ಭಾರತವೇ ಸಾಕ್ಷಿ. 2012ರ ಡಿಸೆಂಬರಿನಲ್ಲಿ ವಾಲ್‌ಮಾರ್ಟ್ ಕಂಪನಿ ಭಾರತದ ಮಾರುಕಟ್ಟೆ ಪ್ರವೇಶವೂ ಸೇರಿದಂತೆ ಹಲವು ವಿಷಯಗಳಿಗಾಗಿ 2008ರಿಂದ ಸುಮಾರು 2.5 ಕೋಟಿ ಡಾಲರನ್ನು ಲಾಬಿಗೆ ಖರ್ಚು ಮಾಡಿದೆಯೆಂದು ತಿಳಿದು ಸಂಸತ್ತಿನಲ್ಲಿ ಗದ್ದಲವೆದ್ದಿತು. ಅದು ತಿಳಿದದ್ದು ಅಮೆರಿಕದ ರಿಜಿಸ್ಟರಿನಿಂದ! ಸರ್ಕಾರ ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಏಕಸದಸ್ಯ ಸಮಿತಿ ನೇಮಿಸಿತು (ಹೆಸರಿನ ಹೋಲಿಕೆ ಆಕಸ್ಮಿಕ). ಅದು ಖಚಿತ ತೀರ್ಮಾನಕ್ಕೆ ಬರಲಾಗಲಿಲ್ಲ. ಒಡಿಶಾದ ಸಂಸದ ಕಾಳಿಕೇಶ್ ನಾರಾಯಣ ಸಿಂಗ್ ದೇವ್ ಲಾಬಿ ಬಹಿರಂಗಪಡಿಸುವ ಖಾಸಗಿ ಮಸೂದೆಯನ್ನು 2013ರಲ್ಲಿ ಲೋಕಸಭೆಯಲ್ಲಿ ಮಂಡಿಸಿದರು. ಅದು ಕಾನೂನಾಗಲಿಲ್ಲ.

ನೋಂದಣಿಗೆ ಎದುರಾಗುವ ಆಕ್ಷೇಪಗಳಲ್ಲಿ ಒಂದಕ್ಕೆ ತೂಕವಿದೆ. ಓದು ಬಾರದ ರೈತನ ಅರ್ಜಿ ಹಿಡಿದು ಕಚೇರಿಗೆ ಬರುವ ಮಾಜಿ ಶಾಸಕನೂ ಪುಸ್ತಕದಲ್ಲಿ ಸಹಿ ಹಾಕಬೇಕೆ ಎಂಬುದು ಆ ಪ್ರಶ್ನೆ. ಉತ್ತರ 1860ರ ಕಲಮಿನಲ್ಲೇ ಇದೆ: ಕೂಲಿ ಪಡೆಯದವನಿಗೆ ಏನೂ ಬೇಡ, ಪಡೆದವನು ಯಾರಿಂದ ಎಂದು ಹೇಳಿ ವಾದಿಸಲಿ.

ಎಡದಂಡೆ ನಾಲೆಯ ಮೇಲೆ 47ನೇ ಮೈಲು, 69ನೇ ಮೈಲು, 104ನೇ ಮೈಲುಗಳಲ್ಲಿ ಗೇಜುಗಳಿವೆ. ಇಲ್ಲಿ ಇಷ್ಟು ಅಡಿ ನೀರು ನಿಲ್ಲಲೇಬೇಕೆಂದು ಕೆಳಭಾಗದ ರೈತರು ಪಟ್ಟು ಹಿಡಿಯುವುದು ಆ ಗುರುತುಗಳನ್ನು ನೋಡಿಯೇ. ಮೇಲೆ ಎಲ್ಲೋ ನೀರು ಸೋರಿದರೆ 69ನೇ ಮೈಲಿನಲ್ಲಿ ನಿಂತ ಸಿಂಧನೂರಿನ ರೈತನಿಗೆ ಅದು ಅದೇ ದಿನ ಗೊತ್ತಾಗುತ್ತದೆ. ಯಾರ ಮಾತಿಗೆ ಸೋರಿತು, ಆ ಮಾತಿಗೆ ಯಾರು ಹಣ ಕೊಟ್ಟರು ಎಂದು ಅವನು ಮುನಿರಾಬಾದಿನ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ, ಕೊಡಲು ಅಲ್ಲಿ ಕಡತ ಇರುವುದಿಲ್ಲ.