ಮೌನವೇ ಆರಿಸುವ ಉತ್ತರಾಧಿಕಾರಿ

ನಿಮ್ಮ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ ತೆರೆದು ನೋಡಿ. ಡೀಫಾಲ್ಟ್ ಗೇಟ್‌ವೇ ಎಂಬಲ್ಲಿ ಒಂದು ಐಪಿ ವಿಳಾಸ ಇರುತ್ತದೆ. ಹೊರಜಗತ್ತಿಗೆ ಹೊರಟ ಪ್ರತಿಯೊಂದು ಪ್ಯಾಕೆಟ್ಟೂ ಆ ಬಾಗಿಲನ್ನೇ ದಾಟಬೇಕು. ಆ ರೌಟರ್ ಕೆಟ್ಟು ಕೂತರೆ? ಪಕ್ಕದಲ್ಲೇ ಇನ್ನೊಂದು ರೌಟರ್ ಸಿದ್ಧವಾಗಿದ್ದರೂ ಕಂಪ್ಯೂಟರಿಗೆ ಅದರ ಪರಿಚಯವೇ ಇಲ್ಲ. ಹಾಗಿದ್ದೂ ದೊಡ್ಡ ದೊಡ್ಡ ನೆಟ್‌ವರ್ಕುಗಳಲ್ಲಿ ರೌಟರ್ ಕೈಕೊಟ್ಟ ಸುದ್ದಿ ಒಳಗಿದ್ದವರಿಗೆ ತಿಳಿಯುವ ಮೊದಲೇ ಕೆಲಸ ಮತ್ತೆ ಶುರುವಾಗಿರುತ್ತದೆ!

ಗುಟ್ಟು ಏನು ಗೊತ್ತೆ? ಅಲ್ಲಿ ಆ ವಿಳಾಸ ಸಾಮಾನ್ಯವಾಗಿ ಯಾವ ಒಂದು ರೌಟರಿನ ಸ್ವಂತದ್ದೂ ಅಲ್ಲ! ಎರಡು ಮೂರು ರೌಟರ್‌ಗಳು ಸೇರಿ, ಇಲ್ಲದ ರೌಟರೊಂದನ್ನು ಇದೆಯೆಂಬಂತೆ ನಡೆಸುತ್ತಿರುತ್ತವೆ. ಈ ಒಪ್ಪಂದದ ಹೆಸರು ವರ್ಚುವಲ್ ರೌಟರ್ ರಿಡಂಡೆನ್ಸಿ ಪ್ರೋಟೊಕಾಲ್, ಚಿಕ್ಕದಾಗಿ ವಿಆರ್‌ಆರ್‌ಪಿ. ಮೊದಲು ಪ್ರಕಟವಾದದ್ದು 1998ರಲ್ಲಿ. ಆ ಇಲ್ಲದ ರೌಟರಿಗೆ ಐಪಿ ವಿಳಾಸವಷ್ಟೇ ಅಲ್ಲ, ಮ್ಯಾಕ್ ವಿಳಾಸವೂ ಉಂಟು! ಅದರ ಮೊದಲ ಐದು ಬೈಟ್ ಜಗತ್ತಿನಾದ್ಯಂತ ಒಂದೇ. ಆರನೆಯದು ಗುಂಪಿನ ಸಂಖ್ಯೆ.

ಸಕ್ರಿಯ ರೌಟರ್ ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಎಂದು ಸಾರುತ್ತದೆ. ಉಳಿದವು ಸುಮ್ಮನೆ ಕೇಳಿಸಿಕೊಳ್ಳುತ್ತವೆ. ದನಿ ನಿಂತಿತೋ, ಇಲ್ಲಿದೆ ನೋಡಿ ಸೊಗಸು! ಮತದಾನವಿಲ್ಲ, ಚರ್ಚೆಯಿಲ್ಲ. ಪ್ರತಿ ರೌಟರೂ ಮೂರು ಸೆಕೆಂಡ್ ಕಾಯುತ್ತದೆ, ಆಮೇಲೆ ಇನ್ನೊಂದು ಚೂರು. ಆ ಚೂರು ಎಷ್ಟು? 256ರಿಂದ ತನ್ನ ಆದ್ಯತೆಯ ಅಂಕಿ ಕಳೆದು, ಉಳಿದದ್ದನ್ನು 256ರಿಂದ ಭಾಗಿಸಿದಷ್ಟು. ಆದ್ಯತೆ 200 ಇದ್ದರೆ ಒಟ್ಟು ಕಾಯುವುದು 3.22 ಸೆಕೆಂಡ್, 100 ಇದ್ದರೆ 3.61. ಅಂದರೆ ಯೋಗ್ಯತೆ ಹೆಚ್ಚಿದ್ದವರ ತಾಳ್ಮೆ ಮೊದಲು ಮುಗಿಯುತ್ತದೆ! 200ರ ರೌಟರ್ ಎದ್ದು 'ನಾನಿದ್ದೇನೆ' ಎಂದೊಡನೆ 100ರದ್ದು ತೆಪ್ಪಗಾಗುತ್ತದೆ. ಹೊಸ ಯಜಮಾನ ಒಂದು ಎಆರ್‌ಪಿ ಸಂದೇಶ ಹೊರಡಿಸಿದರೆ, ಆ ಮ್ಯಾಕ್ ವಿಳಾಸ ಈಗ ಯಾವ ಪೋರ್ಟಿನಲ್ಲಿದೆ ಎಂದು ಸ್ವಿಚ್ ಕಲಿತುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ರಿಪೇರಿಗೆಂದು ನಿಲ್ಲಿಸುವಾಗ ಇನ್ನೂ ಚೆಂದ: ಸಕ್ರಿಯ ರೌಟರ್ ತನ್ನ ಆದ್ಯತೆ 0 ಎಂದು ಸಾರಿಯೇ ನಿರ್ಗಮಿಸುತ್ತದೆ. ಆಗ ಮೂರು ಸೆಕೆಂಡೂ ಬೇಡ. 200ರ ರೌಟರ್ ಕಾಲು ಸೆಕೆಂಡಿನೊಳಗೆ ಅಧಿಕಾರ ವಹಿಸಿಕೊಳ್ಳುತ್ತದೆ.

ಹೊರಗಿನವರು ಸುಳ್ಳು ಸಾರಿದರೆ? ಅದಕ್ಕೂ ಉಪಾಯವಿದೆ! ಪ್ರತಿ ಸಾರಿಕೆಯ ಟಿಟಿಎಲ್ 255. ಒಂದೊಂದು ರೌಟರ್ ದಾಟಿದಾಗಲೂ ಪ್ಯಾಕೆಟ್ಟಿನ ಟಿಟಿಎಲ್ ಒಂದು ಇಳಿಯುತ್ತದೆ. 255ಕ್ಕಿಂತ ಹೆಚ್ಚಿನ ಅಂಕಿಯೇ ಇಲ್ಲವಾದ್ದರಿಂದ, ದೂರದಿಂದ ಬಂದ ಯಾವ ಸಾರಿಕೆಯೂ 255 ಎಂದು ತೋರಿಸಲಾರದು. ಬೇರೆ ಅಂಕಿ ಕಂಡರೆ ರೌಟರ್ ಅದನ್ನು ಎಸೆಯುತ್ತದೆ.

ಇದನ್ನು ನೀವೇ ನೋಡಬಹುದು. ಎರಡು ಹಳೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಹಾಕಿ, ಕೀಪ್‌ಅಲೈವ್‌ಡಿ ಎಂಬ ಉಚಿತ ತಂತ್ರಾಂಶ ಇನ್‌ಸ್ಟಾಲ್ ಮಾಡಿ. ಮೂರನೆಯ ಕಂಪ್ಯೂಟರಿನಿಂದ ಆ ಹಂಚಿಕೆಯ ವಿಳಾಸಕ್ಕೆ ಪಿಂಗ್ ಬಿಟ್ಟು, ಸಕ್ರಿಯವಾಗಿರುವುದರ ಕೇಬಲ್ ಕಿತ್ತುಬಿಡಿ. ಮೂರ್ನಾಲ್ಕು ಪಿಂಗ್ ತಪ್ಪಿ ಉತ್ತರ ಮತ್ತೆ ಬರತೊಡಗುತ್ತದೆ. ನೆಟ್‌ವರ್ಕಿಂಗ್ ಕಲಿಯುವವರು ಮಾಡಲೇಬೇಕಾದ ಪ್ರಯೋಗವಿದು.